ಮೀನಿಗೆ ಹಾಕಿದ ಅನ್ನ

ನಾನು ವಿಜ್ಞಾನದ ಟೀಚರ್. ಮುಂಬಯಿ ಪಕ್ಕದ ಠಾಣೆಯಿಂದ ಡೊಂಬಿವಲಿಗೆ ದಿನಾ ಲೋಕಲ್ ರೈಲು ಹಿಡಿದು ಹೋಗಿ, ಅಲ್ಲಿನ ಒಂದು ಕನ್ನಡ ಮಾಧ್ಯಮದ ಶಾಲೆಯಲ್ಲಿ ಹತ್ತು ಹನ್ನೆರಡು ವರ್ಷ ಪಾಠ ಮಾಡಿದವಳು. ಒಂಬತ್ತನೇ ತರಗತಿಗೆ ಸಾರಜನಕ ಚಕ್ರ ಹೇಳುವ ದಿನವೆಂದರೆ ನನಗೆ ಹಬ್ಬ. ಕಪ್ಪು ಹಲಗೆಯ ತುಂಬ ಒಂದು ದೊಡ್ಡ ವೃತ್ತ ಬರೆಯುತ್ತಿದ್ದೆ. ಗಿಡ, ಗಿಡವನ್ನು ತಿನ್ನುವ ಪ್ರಾಣಿ, ಸತ್ತ ಮೇಲೆ ಎರಡನ್ನೂ ಕೊಳೆಸುವ ಬ್ಯಾಕ್ಟೀರಿಯಾ, ಕೊಳೆತದ್ದನ್ನು ಗೊಬ್ಬರವಾಗಿ ಹೀರಿಕೊಳ್ಳುವ ಇನ್ನೊಂದು ಗಿಡ, ಹೀಗೆ ಬಾಣದ ಗುರುತು ಹಾಕುತ್ತಾ ಮೊದಲಿನ ಜಾಗಕ್ಕೇ ಬಂದು ನಿಲ್ಲುತ್ತಿದ್ದೆ. ನಾನು ಕನ್ನಡದಲ್ಲಿ ಹೇಳಿದ್ದಕ್ಕೆ ಮಕ್ಕಳು ಹಿಂದಿಯಲ್ಲಿ ಕೇಳುವುದು ಅಲ್ಲಿ ಮಾಮೂಲು. "ಟೀಚರ್, ಮತ್ಲಬ್ ಕುಛ್ ಭೀ ವೇಸ್ಟ್ ನಹೀ ಹೋತಾ?" ಎಂದು, ಅಂದರೆ ಏನೂ ಹಾಳಾಗಿ ಹೋಗುವುದಿಲ್ಲವೇ ಎಂದು, ಪ್ರತಿ ವರ್ಷ ಯಾರಾದರೊಬ್ಬರು ಕೇಳುತ್ತಿದ್ದರು. "ಎಸೆಯುವುದಕ್ಕೆ ಬೇರೆ ಜಾಗ ಎಲ್ಲಿದೆ ಮಾರಾಯಾ? ಹಾಕಿದ್ದೆಲ್ಲ ಇಲ್ಲೇ ಸುತ್ತುತ್ತಿರುತ್ತದೆ" ಎಂದು ನಾನು ಗತ್ತಿನಿಂದ ಉತ್ತರ ಕೊಡುತ್ತಿದ್ದೆ.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿಗೆ ಬಿತ್ತಂತೆ. ಇಷ್ಟೆಲ್ಲ ಹೇಳುತ್ತಿದ್ದ ನಾನು, ನಮ್ಮ ಮನೆಯೆದುರಿನ ಕೆರೆ ಕೆಡುತ್ತಿದೆಯೆಂದು ತಿಳಿದೂ ಮೂರು ವಾರ ಬಾಯಿ ಬಿಡಲಿಲ್ಲ. ಅದಕ್ಕಾಗಿ ನನ್ನ ಕೆಲಸವೇನೂ ಹೋಗುವುದರಲ್ಲಿರಲಿಲ್ಲ. ಹೋಗುವುದರಲ್ಲಿದ್ದದ್ದು ಬೇರೊಬ್ಬನ ಕೆಲಸ ಮತ್ತು ಅವನ ತಲೆಯ ಮೇಲಿನ ತಗಡು.

ಇದು ಎರಡು ಸಾವಿರದ ಎಂಟೋ ಒಂಬತ್ತೋ ಇಸವಿಯ ಮಾತು. ಠಾಣೆಯಲ್ಲಿ ಕೆರೆಗಳಿಗೇನೂ ಬರಗಾಲವಿಲ್ಲ. ನಮ್ಮದು ಅವುಗಳಲ್ಲಿ ತೀರ ಚಿಕ್ಕದು. ಸುತ್ತ ನಾಲ್ಕು ಕಟ್ಟಡಗಳು, ಒಂದು ಬದಿಗೆ ಕಲ್ಲಿನ ಮೆಟ್ಟಿಲು, ಸುತ್ತಲೂ ಕಬ್ಬಿಣದ ಬೇಲಿ. ನಾಲ್ಕು ಕಟ್ಟಡದವರು ಸೇರಿ ಕೆರೆ ಸಮಿತಿಯೊಂದನ್ನು ಮಾಡಿಕೊಂಡು, ಹೂಳು ತೆಗೆಸಿ, ರೋಹು, ಕಾಟ್ಲಾ ಮೀನಿನ ಮರಿಗಳನ್ನು ಬಿಡಿಸಿದ್ದರು. ಕಾಯುವುದಕ್ಕೆ ಒಬ್ಬ ವಾಚ್‌ಮನ್. ಅವನು ಕಲಬುರಗಿ ಕಡೆಯವನು. ಮೊದಲು ತುರ್ಭೆಯ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದನಂತೆ. ಬೆನ್ನು ಕೈಕೊಟ್ಟ ಮೇಲೆ ಅಲ್ಲಿ ಯಾರೂ ಕರೆಯಲಿಲ್ಲ. ಇಲ್ಲಿ ಕೆರೆಯ ಮೂಲೆಯಲ್ಲಿ ಒಂದು ತಗಡಿನ ಕೋಣೆ ಸಿಕ್ಕಿತು. ಅವನ ಹೆಂಡತಿ ನಮ್ಮ ಕಟ್ಟಡದ ನಾಲ್ಕಾರು ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಆ ಕೋಣೆಯೊಂದು ಹೋದರೆ ಇಬ್ಬರಿಗೂ ಈ ಊರಿನಲ್ಲಿ ನೆಲೆಯಿರಲಿಲ್ಲ.

ನನ್ನ ಮಾವನವರದು ನಾಲ್ಕು ರಸ್ತೆ ಕೂಡುವ ನಾಕಾದ ಹತ್ತಿರ ಒಂದು ಸಣ್ಣ ಉಡುಪಿ ಹೋಟೆಲು. ಹದಿನಾಲ್ಕನೇ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಪ್ಲೇಟು ತೊಳೆದು, ಮೇಲೆ ಬಂದವರು. ಆ ವೇಳೆಗೆ ಗಲ್ಲಾದಲ್ಲಿ ನನ್ನ ಗಂಡ ಕೂರುತ್ತಿದ್ದರೂ, ಅಡುಗೆಮನೆಯ ಯಜಮಾನಿಕೆ ಮಾವನದೇ. ಮನೆಯಲ್ಲಿ ನಮ್ಮ ಮಾತೆಲ್ಲ ತುಳು. ಮಾವ ನನ್ನನ್ನು ಒಮ್ಮೆಯೂ ಗದರಿದವರಲ್ಲ, ಆದರೆ ಅವರೆದುರು ನಾನು ಎದುರುಮಾತು ಆಡಿದವಳೂ ಅಲ್ಲ. ಕ್ಲಾಸಿನಲ್ಲಿ ಹುಲಿ, ಮನೆಯಲ್ಲಿ ಇಲಿ ಎಂದು ಗಂಡ ತಮಾಷೆ ಮಾಡುತ್ತಿದ್ದರು. ನಿಜವಾದ ಮಾತಾದ್ದರಿಂದ ಕೋಪ ಬರುತ್ತಿತ್ತು.

ಆ ವರ್ಷ ಚಳಿಗಾಲದಲ್ಲಿ ನನ್ನ ಆರು ವರ್ಷದ ಮಗನಿಗೆ ಮೊಣಕೈ, ಮೊಣಕಾಲಿನ ಸಂದುಗಳಲ್ಲಿ ಕಜ್ಜಿ ಎದ್ದಿತು. ರಕ್ತ ಬರುವ ತನಕ ತುರಿಸಿಕೊಳ್ಳುತ್ತಿದ್ದ. ಡಾಕ್ಟರು ಮುಲಾಮು ಕೊಟ್ಟರು. ಹಚ್ಚಿದಷ್ಟು ದಿನ ಹೋಗುವುದು, ಬಿಟ್ಟ ಕೂಡಲೇ ಬರುವುದು. ನಮ್ಮ ಕರಾವಳಿಯ ಕಡೆ ಚರ್ಮದ ತೊಂದರೆಗೆ ದೇವರ ಹೊಳೆಯ ಮೀನಿಗೆ ಅಕ್ಕಿ ಹಾಕುತ್ತೇವೆ ಎಂದು ಹರಕೆ ಹೊರುವುದುಂಟು. ಊರಿಗೆ ಹೋಗಲು ಯಾರಿಗೂ ಪುರುಸೊತ್ತಿರಲಿಲ್ಲ. "ನೀರು ಎಲ್ಲಿದ್ರೂ ನೀರೇ, ಮೀನು ಎಲ್ಲಿದ್ರೂ ಮೀನೇ" ಎಂದು ಮಾವ ನಮ್ಮ ಕೆರೆಯ ಮೆಟ್ಟಿಲಲ್ಲೇ ಕೈಮುಗಿದು ನಿಂತರು. ಮಂಗಳವಾರಕ್ಕೊಂದು ಹಿಡಿ ಅಕ್ಕಿ. ಅಷ್ಟೇ ಹರಕೆ.

ಮಾರ್ಚ್ ತಿಂಗಳಲ್ಲಿ ಮಗನ ಕಜ್ಜಿ ಇಳಿಯಿತು. ಚಳಿ ಹೋದದ್ದಕ್ಕೋ, ಮುಲಾಮಿಗೋ, ಮೀನಿಗೋ, ನಾನೇನು ಹೇಳಲಿ? ಮಾವನಿಗಂತೂ ಯಾವ ಅನುಮಾನವೂ ಇರಲಿಲ್ಲ. ಹಿಡಿ ಅಕ್ಕಿ ಹೋಗಿ ಸೇರು ಅಕ್ಕಿ ಆಯಿತು, ಮಂಗಳವಾರ ಹೋಗಿ ದಿನವೂ ಆಯಿತು. ಆಮೇಲೆ ಹೋಟೆಲಿನಲ್ಲಿ ಮಧ್ಯಾಹ್ನದ ಊಟಕ್ಕೆ ಮಾಡಿ ಉಳಿದ ಅನ್ನವೆಲ್ಲ ಬಕೆಟಿನಲ್ಲಿ ಕೆರೆಗೆ ಬರತೊಡಗಿತು. ಮೀನುಗಳು ಮಾವನ ಕಾಲಿನ ಸಪ್ಪಳ ಕೇಳಿ ಮೆಟ್ಟಿಲಿಗೆ ಬರುತ್ತಿದ್ದವು. ಅವರ ಮುಖದಲ್ಲಿ ಆಗ ಕಾಣುತ್ತಿದ್ದ ಸಂತೋಷವನ್ನು ಹೋಟೆಲಿನಲ್ಲಿ ಯಾವತ್ತೂ ಕಂಡಿರಲಿಲ್ಲ. ಸುದ್ದಿ ಹಬ್ಬಿ ನಮ್ಮ ಕಡೆಯ ಇನ್ನೂ ಹತ್ತು ಮನೆಯವರು ಮಂಡಕ್ಕಿ, ಅವಲಕ್ಕಿ, ಅನ್ನ ತಂದು ಸುರಿಯತೊಡಗಿದರು. ಮಕ್ಕಳ ನರಹುಲಿಗೆ, ಹೆಂಗಸರ ಮುಖದ ಬಂಗಿಗೆ, ಯಾವುದೋ ಹಳೆಯ ಇಸುಬಿಗೆ.

ಮೇ ತಿಂಗಳ ನಡುವಿನಲ್ಲಿ ನೀರು ಹಸಿರಾಯಿತು. ಪಾಚಿ ಕಟ್ಟಿದ ಹಸಿರಲ್ಲ, ನೀರೇ ಹಸಿರು, ಕೈಯಲ್ಲಿ ಎತ್ತಿದರೂ ಹಸಿರು. ಕೆರೆಗೆ ಬಣ್ಣ ಬಂತೆಂದು ಜನ ಫೋಟೋ ತೆಗೆದರು. ನನಗೆ ಮಾತ್ರ ಅದು ಬರೀ ಬಣ್ಣವಾಗಿ ಕಾಣಲಿಲ್ಲ. ಮೀನು ತಿನ್ನಲಾರದೆ ಬಿಟ್ಟ ಅನ್ನ ತಳದಲ್ಲಿ ಕೊಳೆಯುತ್ತಿದೆ, ಕೊಳೆತದ್ದು ಗೊಬ್ಬರವಾಗಿ ಕಣ್ಣಿಗೆ ಕಾಣದ ಪಾಚಿಯನ್ನು ಬೆಳೆಸುತ್ತಿದೆ ಎಂಬುದು ತಿಳಿಯಲು ನನಗೆ ಯಾವ ಪ್ರಯೋಗಶಾಲೆಯೂ ಬೇಕಿರಲಿಲ್ಲ. ನನ್ನದೇ ವೃತ್ತ, ನನ್ನದೇ ಬಾಣಗಳು.

ಬೇಸಿಗೆ ರಜೆಯಲ್ಲೂ ಹತ್ತನೆಯವರಿಗೆ ವಿಶೇಷ ತರಗತಿ ಇರುತ್ತಿತ್ತು. ಹಾಗೆ ಪಾಠ ಮುಗಿಸಿ ಒಂದು ಸಂಜೆ ಸ್ಟೇಷನ್ನಿನಿಂದ ಬರುತ್ತಿದ್ದಾಗ ವಾಚ್‌ಮನ್ ಗೇಟಿನಲ್ಲಿ ತಡೆದ. ಸುತ್ತ ನೋಡಿ, ದನಿ ಇಳಿಸಿ ಹೇಳಿದ.

"ಟೀಚರ್ರ, ನೀರು ನಾರಲಾಕತ್ಯಾದ್ರಿ. ಮುಂಜಾನಿ ಮೆಟ್ಟಿಲಿಗಿ ಹೋದ್ರ ಮೂಗು ಹಿಡೀಬೇಕಾಗ್ತದ. ತಳದಾಗಿನ ಅನ್ನ ಕೊಳ್ತು ಮ್ಯಾಲ ಗುಳ್ಳಿ ಬರ್ತಾವು."

"ಸಮಿತಿಯವರಿಗೆ ಹೇಳಿದೆಯಾ?"

"ಅವರಿಗಿ ಹೇಳಿದ್ರ, ಅನ್ನ ಯಾರು ಹಾಕ್ತಾರ ಅಂತ ಕೇಳ್ತಾರ್ರಿ. ನಿಮ್ಮ ಮಾವ ಹಿರ‍್ಯಾರು, ನನಗ ದಿನಾ ಚಾ ಕೊಡಸ್ತಾರ. ಅವರ ಹೆಸರು ನನ್ನ ಬಾಯಾಗ ಬ್ಯಾಡ. ನೀವೇ ಮನ್ಯಾಗ ಒಂದ್ ಮಾತು ಹೇಳ್ರಿ. ಕಮ್ಮಿ ಮಾಡಿದ್ರ ಸಾಕು."

"ಹೇಳ್ತೇನೆ" ಎಂದೆ. ಅವನು ನೆಮ್ಮದಿಯಿಂದ ಹೋದ. ಟೀಚರ್ ಹೇಳ್ತೇನೆ ಅಂದಮೇಲೆ ಮುಗಿಯಿತಲ್ಲ!

ಹೇಳಬೇಕೆಂದೇ ಮನೆಗೆ ಹೋದೆ. ಮಾವ ಚಾಪೆಯ ಮೇಲೆ ಕೂತು ಮೊಮ್ಮಗನ ಮೊಣಕೈಗೆ ಎಣ್ಣೆ ಸವರುತ್ತಿದ್ದರು. "ನೋಡು ಮಗಾ, ಕಲೆ ಸಹಾ ಇಲ್ಲ. ಯಾವ ಮುಲಾಮೂ ಮಾಡದ್ದನ್ನು ಮೀನು ಮಾಡಿತು" ಎಂದು ಅವನ ಕೈ ಎತ್ತಿ ನನಗೆ ತೋರಿಸಿದರು. ಚರ್ಮ ನಿಜವಾಗಿಯೂ ನುಣ್ಣಗಿತ್ತು. ನಾನು ನೋಡಿದೆ, ಬ್ಯಾಗು ಕೆಳಗಿಟ್ಟೆ, ಅಡುಗೆಮನೆಗೆ ಹೋಗಿ ಒಲೆ ಹಚ್ಚಿದೆ.

ಮಾವ ನೊಂದುಕೊಳ್ಳುತ್ತಾರೆ, ನೀರು ಕೆಡಿಸಿದಿರಿ ಎಂದು ಅವರ ಪುಣ್ಯಕ್ಕೆ ಹೆಸರಿಡುವುದು ಹೇಗೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಸತ್ಯ. ಉಳಿದ ಅರ್ಧ ಹೇಳಲು ಇಂದಿಗೂ ನಾಚಿಕೆಯಾಗುತ್ತದೆ. ಅನ್ನ ನಿಂತರೆ ಮಗನಿಗೆ ಕಜ್ಜಿ ತಿರುಗಿ ಬಂದರೆ ಎಂಬ ಹೆದರಿಕೆ ನನಗೂ ಇತ್ತು. ಬಿ.ಎಸ್ಸಿ., ಬಿ.ಎಡ್. ಮಾಡಿದ ಹೆಂಗಸು ನಾನು. ರಕ್ತ ಒಸರುತ್ತಿದ್ದ ಆ ಪುಟ್ಟ ಮೊಣಕೈ ನೆನಪಾದಾಗಲೆಲ್ಲ ನನ್ನ ವಿಜ್ಞಾನ ಬಾಲ ಮುದುರಿಕೊಂಡು ಮೂಲೆ ಸೇರುತ್ತಿತ್ತು. ನಾಳೆ ಹೇಳೋಣ, ಭಾನುವಾರ ಹೇಳೋಣ, ಮಳೆ ಬಂದರೆ ನೀರು ತಾನೇ ತಿಳಿಯಾದೀತು ಎಂದು ದಿನ ದೂಡಿದೆ. ಗೇಟಿನಲ್ಲಿ ವಾಚ್‌ಮನ್ ಮುಖ ನೋಡಿ ಕಣ್ಣಿನಲ್ಲೇ ಕೇಳುತ್ತಿದ್ದ. ನಾನು ರೈಲಿನ ಅವಸರ ತೋರಿಸಿ ದಾಟಿಬಿಡುತ್ತಿದ್ದೆ.

ಜೂನ್ ಬಂತು. ಮಳೆ ಬರಲಿಲ್ಲ, ಮೋಡ ಮಾತ್ರ ಬಂದು ಕೂತಿತು. ನಾಲ್ಕು ದಿನ ಬಿಸಿಲಿನ ಮುಖ ಕಾಣಲಿಲ್ಲ, ಎಲೆ ಅಲುಗಲಿಲ್ಲ. ಐದನೆಯ ದಿನ, ಶನಿವಾರ, ಬೆಳಿಗ್ಗೆ ಆರು ಗಂಟೆಗೆ ಹಾಲು ತರಲು ಇಳಿದಾಗ ಕೆರೆಯ ಕಡೆ ನೋಡಿ ನಿಂತುಬಿಟ್ಟೆ. ನೀರಿನ ಮೇಲೆಲ್ಲ ಬಾಯಿಗಳು. ನೂರಾರು ಮೀನುಗಳು ಮೂತಿಯನ್ನು ಹೊರಗಿಟ್ಟು ಬಾಯಿ ತೆರೆದು ಮುಚ್ಚುತ್ತಿದ್ದವು. ಓಡುತ್ತಿರಲಿಲ್ಲ, ಹೆದರುತ್ತಿರಲಿಲ್ಲ, ಸುಮ್ಮನೆ ಗಾಳಿ ಕುಡಿಯುತ್ತಿದ್ದವು.

ಮೆಟ್ಟಿಲ ಮೇಲೆ ಮಾವ ನಿಂತಿದ್ದರು. "ನೋಡು ಮಾರಾಯ್ತಿ, ಎಷ್ಟು ಹಸಿದಿವೆ ಪಾಪ, ಬಾಯಿ ಬಿಟ್ಟುಕೊಂಡು ಬೇಡ್ತಾ ಉಂಟು. ನಿನ್ನೆ ಸಾಕಾಗ್ಲಿಲ್ಲ ಕಾಣ್ತದೆ" ಎಂದರು. ಅವರ ಕೈಯಲ್ಲಿ ಬಕೆಟು. ಹಿಂದಿನ ದಿನ ಹೋಟೆಲಿನಲ್ಲಿ ಯಾವುದೋ ಪಾರ್ಟಿ ರದ್ದಾಗಿ ಅನ್ನ ಹೆಚ್ಚು ಉಳಿದಿತ್ತು. ಅದನ್ನೆಲ್ಲ ತಂದಿದ್ದರು.

ಅವು ಹಸಿದಿಲ್ಲ ಮಾವ, ಉಸಿರು ಕಟ್ಟಿದೆ ಎಂದು ನಾನು ಹೇಳಬೇಕಿತ್ತು. ಬಿಸಿಲಿರುವಾಗ ಆ ಹಸಿರು ಪಾಚಿಯೇ ನೀರಿಗೆ ಆಮ್ಲಜನಕ ಕೊಡುತ್ತದೆ. ಕತ್ತಲಾದರೆ ಅದೂ ಉಸಿರಾಡುತ್ತದೆ, ಕೊಳೆಸುವ ಬ್ಯಾಕ್ಟೀರಿಯಾವೂ ಉಸಿರಾಡುತ್ತದೆ. ನಾಲ್ಕು ದಿನ ಬಿಸಿಲಿಲ್ಲದ ಕೆರೆಯಲ್ಲಿ ಬೆಳಗಾಗುವ ಹೊತ್ತಿಗೆ ಮೀನಿಗೆ ಏನೂ ಉಳಿದಿರುವುದಿಲ್ಲ. ಇದನ್ನು ನಾನು ಹಲಗೆಯ ಮೇಲೆ ಎಷ್ಟು ಸಲ ಬರೆದಿಲ್ಲ! ಮಾವ ಬಕೆಟು ಬಗ್ಗಿಸಿದರು. ಅನ್ನದ ಮುದ್ದೆಗಳು ಮೀನುಗಳ ಮೂತಿಯ ನಡುವೆ ಬಿದ್ದು ಮುಳುಗಿದವು. ಒಂದು ಮೀನೂ ಬಾಯಿ ಹಾಕಲಿಲ್ಲ. "ನಾಚಿಕೆ ಅವಕ್ಕೆ, ನೀನು ನಿಂತಿದ್ದೀಯಲ್ಲ" ಎಂದು ಮಾವ ನಕ್ಕರು. ನಾನು ಹಾಲು ತೆಗೆದುಕೊಂಡು ಮೇಲೆ ಹೋದೆ, ಆಮೇಲೆ ಶಾಲೆಗೂ ಹೋದೆ. ಆ ದಿನ ಇಡೀ ಒಂದು ಪಾಠವೂ ನೆಟ್ಟಗೆ ಆಗಲಿಲ್ಲ.

ಅದೇ ಮಧ್ಯಾಹ್ನ, ಮೆಟ್ಟಿಲು ಜಾರುತ್ತದೆಂದು ಸಮಿತಿಯ ಅಧ್ಯಕ್ಷರು ಹೇಳಿದ್ದಕ್ಕೆ ವಾಚ್‌ಮನ್ ಎರಡು ಹಿಡಿ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದ್ದ. ನಾಲ್ಕು ಕಟ್ಟಡದ ಜನ ಬಾಲ್ಕನಿಗಳಿಂದ ಅದನ್ನು ನೋಡಿದ್ದರು.

ಭಾನುವಾರ ಬೆಳಿಗ್ಗೆ ಗದ್ದಲಕ್ಕೆ ಎಚ್ಚರವಾಯಿತು. ಕೆಳಗಿಳಿದಾಗ ಕೆರೆಯ ದಡವೆಲ್ಲ ಬೆಳ್ಳಗಿತ್ತು. ಹೊಟ್ಟೆ ಮೇಲಾದ ಮೀನುಗಳು ಒಂದಕ್ಕೊಂದು ತಾಗಿಕೊಂಡು ತೇಲುತ್ತಿದ್ದವು. ಮೆಟ್ಟಿಲಿನ ಬಳಿ ಐವತ್ತು ಅರವತ್ತು ಜನ. ನಡುವೆ ವಾಚ್‌ಮನ್. ಯಾರೋ ಅವನ ಅಂಗಿಯ ಕಾಲರ್ ಹಿಡಿದಿದ್ದರು. ಅವನ ಹೆಂಡತಿ ತಗಡಿನ ಕೋಣೆಯ ಬಾಗಿಲಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

"ಪಾನಿ ಮೇ ಪೌಡರ್ ಡಾಲಾ ಇಸ್ನೇ. ಸಬ್ನೇ ದೇಖಾ!" ಎಂದು ಒಬ್ಬ ಕೂಗುತ್ತಿದ್ದ, ಇವನೇ ನೀರಿಗೆ ಪೌಡರ್ ಹಾಕಿದ್ದು ಎಂದು. ಪೊಲೀಸರಿಗೆ ಹೇಳಿ ಎಂದು ಇನ್ನೊಬ್ಬ.

"ನಾ ಮೆಟ್ಟಿಲಿಗಿ ಹಾಕೀನ್ರಿ, ನೀರಿಗಿ ಹಾಕಿಲ್ರಿ, ದೇವರಾಣಿ" ಎಂದು ವಾಚ್‌ಮನ್ ಹಿಂದಿ ಮರೆತು ಕನ್ನಡದಲ್ಲೇ ಹೇಳುತ್ತಿದ್ದ. ಅಲ್ಲಿ ಅದು ಅರ್ಥವಾಗುತ್ತಿದ್ದದ್ದು ನಮ್ಮಂಥ ಕೆಲವರಿಗೆ ಮಾತ್ರ.

ಅಧ್ಯಕ್ಷರು ನಿವೃತ್ತ ಅಧಿಕಾರಿ, ಮರಾಠಿಯವರು, ದನಿ ಏರಿಸದ ಮನುಷ್ಯ. ನನ್ನನ್ನು ನೋಡಿ, "ಟೀಚರ್, ನೀವು ಸೈನ್ಸಿನವರು. ನೀವೇ ಹೇಳಿ, ಇದು ವಿಷವೇ?" ಎಂದು ಹಿಂದಿಯಲ್ಲಿ ಕೇಳಿದರು. ಗದ್ದಲ ನಿಂತಿತು. ಕಾಲರ್ ಹಿಡಿದ ಕೈ ಮಾತ್ರ ಸಡಿಲವಾಗಲಿಲ್ಲ.

ನಾನು ಮೆಟ್ಟಿಲಿಳಿದು ಕುಕ್ಕರಗಾಲಲ್ಲಿ ಕೂತು ನೋಡಿದೆ. ಸತ್ತದ್ದೆಲ್ಲ ಮೊಳದುದ್ದದ ಮೀನು. ಬೆರಳುದ್ದದ ಮರಿಗಳು ದಡದ ತೆಳುನೀರಿನಲ್ಲಿ ಇನ್ನೂ ಆಡುತ್ತಿದ್ದವು. ಒಂದು ಕಪ್ಪೆ ನೀರಿಗೆ ನೆಗೆಯಿತು. ಎದ್ದು ನಿಂತು ಹೇಳಿದೆ: ವಿಷವಾಗಿದ್ದರೆ ಮೊದಲು ಮರಿಗಳು ಸಾಯುತ್ತಿದ್ದವು. ದೊಡ್ಡವೇ ಸತ್ತಿವೆ, ಅದೂ ಬೆಳಗಿನ ಜಾವಕ್ಕೆ. ಇದು ವಿಷವಲ್ಲ. ನೀರಿನಲ್ಲಿ ಆಮ್ಲಜನಕ ಮುಗಿದು ಹೋಗಿದೆ. ಎರಡು ಹಿಡಿ ಪೌಡರಿನಿಂದ ಇಷ್ಟು ನೀರಿಗೆ ಏನೂ ಆಗುವುದಿಲ್ಲ.

ಕಾಲರ್ ಬಿಟ್ಟರು. ಅಷ್ಟಕ್ಕೇ ಮುಗಿದೀತೆಂದು ಆಸೆಪಟ್ಟೆ.

"ಯಾಕೆ ಮುಗಿಯಿತು?" ಅಧ್ಯಕ್ಷರು ಕೇಳಿದರು.

"ಮೋಡ. ಐದು ದಿನದಿಂದ ಬಿಸಿಲಿಲ್ಲ."

"ಮೋಡ ಪ್ರತಿ ವರ್ಷ ಬರುತ್ತದೆ. ಮೀನು ಈ ವರ್ಷವೇ ಯಾಕೆ ಸತ್ತಿತು?"

ನನ್ನ ಹತ್ತು ವರ್ಷದ ಪಾಠದಲ್ಲಿ ಯಾವ ಮಗುವೂ ಅಷ್ಟು ನೇರವಾದ ಪ್ರಶ್ನೆ ಕೇಳಿರಲಿಲ್ಲ. ಮಾವ ಗುಂಪಿನ ಹಿಂದೆ, ಪೇಪರ್ ಮಾರುವವನ ಸ್ಟೂಲಿನ ಮೇಲೆ ಕೂತಿದ್ದರು. ಸತ್ತ ಮೀನುಗಳನ್ನು ನೋಡಿ ಅವರ ಮುಖ ಬಾಡಿಹೋಗಿತ್ತು. ನುಂಗಲೂ ಆಗದ, ಉಗುಳಲೂ ಆಗದ ಬಿಸಿತುಪ್ಪ ನನ್ನ ಬಾಯಿಯಲ್ಲಿ. "ನೋಡಬೇಕು. ಪರೀಕ್ಷೆ ಮಾಡಿಸಬೇಕು" ಎಂದೇನೋ ತೊದಲಿದೆ.

ಅಧ್ಯಕ್ಷರು ವಾಚ್‌ಮನ್ ಕಡೆ ತಿರುಗಿದರು. ದಿನವೂ ಇಲ್ಲೇ ಇರುವವನು ನೀನು. ನೀರು ಕೆಟ್ಟದ್ದು, ವಾಸನೆ ಬಂದದ್ದು ನಿನಗೆ ತಿಳಿಯಲಿಲ್ಲವೇ? ತಿಳಿದರೆ ಯಾರಿಗೂ ಯಾಕೆ ಹೇಳಲಿಲ್ಲ? ಎಂದು ಒಂದೊಂದೇ ಕೇಳಿದರು.

ವಾಚ್‌ಮನ್ ನನ್ನ ಕಡೆ ನೋಡಿದ. ಒಂದು ಕ್ಷಣ ಅಷ್ಟೆ. ಟೀಚರಿಗೆ ಹೇಳಿದ್ದೆ ಎಂದರೆ ಅವನು ಬಚಾವು. ಅವನು ಕಣ್ಣು ಕೆಳಗೆ ಮಾಡಿದ. ಆಮೇಲೆ ಮಾವ ಕೂತಿದ್ದ ಕಡೆ ಒಮ್ಮೆ ನೋಡಿದ.

"ಬೋಲ್ನಾ ಚಾಹಿಯೇ ಥಾ ಸಾಬ್. ಗಲ್ತಿ ಹೋ ಗಯಾ" ಎಂದ. ಹೇಳಬೇಕಿತ್ತು, ತಪ್ಪಾಯಿತು ಎಂದು.

"ಹಾಗಾದರೆ ಇವನಿಗೆ ಸಂಬಳ ಯಾಕೆ?" ಎಂದು ಯಾರೋ ಅಂದರು. ಹೌದು ಹೌದು ಎಂದು ನಾಲ್ಕು ದನಿ ಸೇರಿದವು. ಅಧ್ಯಕ್ಷರು, ಈ ತಿಂಗಳ ಕೊನೆಗೆ ಕೋಣೆ ಖಾಲಿ ಮಾಡು, ಬೇರೆಯವರನ್ನು ನೋಡುತ್ತೇವೆ ಎಂದರು. ತಗಡಿನ ಬಾಗಿಲಲ್ಲಿ ಅವನ ಹೆಂಡತಿ ನೆಲದ ಮೇಲೆ ಕೂತುಬಿಟ್ಟಳು.

ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯುವ ಮೊದಲೇ ಬಾಯಿ ತೆರೆದಿತ್ತು.

"ಅವನು ಹೇಳಿದ್ದಾನೆ. ನನಗೆ ಹೇಳಿದ್ದಾನೆ. ನಾನೇ ಯಾರಿಗೂ ಹೇಳಲಿಲ್ಲ."

ಆಮೇಲೆ ಎಲ್ಲವನ್ನೂ ಹೇಳಿದೆ. ಅನ್ನ ಕೊಳೆತು ಗೊಬ್ಬರವಾದದ್ದು, ಗೊಬ್ಬರಕ್ಕೆ ನೀರು ಹಸಿರಾದದ್ದು, ಆ ಹಸಿರು ರಾತ್ರಿಯಿಡೀ ಮೀನಿನ ಪಾಲಿನ ಗಾಳಿಯನ್ನು ಕುಡಿದದ್ದು. ಕ್ಲಾಸಿನಲ್ಲಿ ಹೇಳುವಷ್ಟೇ ಸ್ಪಷ್ಟವಾಗಿ ಹೇಳಿದೆ. ಯಾರ ಅನ್ನ ಎಂದು ಕೇಳಿದಾಗ, "ಹೆಚ್ಚಿನದು ನಮ್ಮ ಹೋಟೆಲಿನದು" ಎಂದೆ. ಉಳಿದ ಹತ್ತು ಮನೆಯವರು ನೆಲ ನೋಡುತ್ತಿದ್ದರು.

ಮಾವ ಸ್ಟೂಲಿನಿಂದ ಎದ್ದು ಮುಂದೆ ಬಂದರು. ತಮ್ಮ ಹೋಟೆಲಿನ ಹಿಂದಿಯಲ್ಲಿ ಅಧ್ಯಕ್ಷರಿಗೆ ಹೇಳಿದರು: "ಚಾವಲ್ ಮೈನೇ ಡಾಲಾ. ಇಸ್ಕೋ ಛೋಡೋ." ಅನ್ನ ಹಾಕಿದ್ದು ನಾನು, ಇವನನ್ನು ಬಿಟ್ಟುಬಿಡಿ ಎಂದು. ಮೀನಿನ ಮರಿಗಳನ್ನು ತಾವೇ ತರಿಸಿಕೊಡುವುದಾಗಿಯೂ ಹೇಳಿದರು. ಹಿರಿಯರು ಕೈಮುಗಿದು ನಿಂತಾಗ ಇನ್ನೇನು ಹೇಳುವುದು? ಅನ್ನ ಹಾಕಬಾರದೆಂದು ಬೋರ್ಡು ಬರೆಸುವುದಾಗಿ ತೀರ್ಮಾನವಾಯಿತು. ವಾಚ್‌ಮನ್ ಇದ್ದಲ್ಲೇ ಇರಲಿ ಎಂದರು ಅಧ್ಯಕ್ಷರು. ಜನ ಮೂಗು ಮುಚ್ಚಿಕೊಂಡು ಚಹಾ ಕುಡಿಯಲು ಹೋದರು.

ಮೆಟ್ಟಿಲ ಮೇಲೆ ನಾವು ಮೂವರೇ ಉಳಿದೆವು. ವಾಚ್‌ಮನ್ ಸತ್ತ ಮೀನುಗಳನ್ನು ಬುಟ್ಟಿಗೆ ತುಂಬುತ್ತಿದ್ದ. ಅವನಿಗೂ ತಿಳಿಯಲಿ ಎಂದೋ ಏನೋ, ಮಾವ ಮನೆಯ ತುಳುವನ್ನು ಬಿಟ್ಟು ಕನ್ನಡದಲ್ಲಿ ಕೇಳಿದರು.

"ಇವ ಯಾವಾಗ ಹೇಳಿದ್ದು ನಿನಗೆ?"

"ಮೂರು ವಾರ ಆಯ್ತು ಮಾವ."

"ನಿನ್ನೆ ಬೆಳಿಗ್ಗೆ ನಾನು ಬಕೆಟು ಬಗ್ಗಿಸುವಾಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಎಂತ ಆಗಿತ್ತು ಹೇಳ್ಲಿಕ್ಕೆ?"

"ನಿಮಗೆ ಬೇಜಾರಾಗ್ತದೆ ಅಂತ. ಮತ್ತೆ, ನಿಲ್ಲಿಸಿದ್ರೆ ಮಗುವಿಗೆ ತುರಿಕೆ ಬಂದೀತು ಅಂತ."

ಮಾವ ಬೈಯಲಿಲ್ಲ. ಬೈದಿದ್ದರೆ ಸುಖವಿತ್ತು.

"ಮುಂಬಯಿಗೆ ಬರುವ ತನಕ ನಾನು ಮಾಡಿದ್ದು ಒಂದೇ ಕೆಲಸ ಮಗಾ, ತೆಂಗಿನ ಬುಡಕ್ಕೆ ಮೀನುಗೊಬ್ಬರ ಹೊತ್ತು ಹಾಕುವುದು. ಹೆಚ್ಚಾದ್ರೆ ಬೇರು ಸುಡ್ತದೆ, ಅಳತೆ ಬೇಕು ಅಂತ ಅಪ್ಪನ ಕೈಯಲ್ಲಿ ಪೆಟ್ಟು ತಿಂದು ಕಲಿತವ. 'ಮಾವ, ಕೆರೆಗೆ ಗೊಬ್ಬರ ಹೆಚ್ಚಾಯ್ತು' ಅಂತ ಒಂದು ಮಾತು ಹೇಳಿದ್ರೆ ನಂಗೆ ಅರ್ಥ ಆಗ್ತಿರ್ಲಿಲ್ವಾ? ಅವತ್ತೇ ನಿಲ್ಲಿಸ್ತಿದ್ದೆ."

ಅಷ್ಟು ಹೇಳಿ ಪಂಚೆ ಎತ್ತಿಕಟ್ಟಿ, ಬುಟ್ಟಿಯ ಒಂದು ಬದಿ ಹಿಡಿದರು. ಇನ್ನೊಂದು ಬದಿಯನ್ನು ವಾಚ್‌ಮನ್ ಹಿಡಿದ. ಇಬ್ಬರೂ ಹೂಳಲು ಜಾಗ ನೋಡುತ್ತಾ ಬೇಲಿಯ ಕಡೆ ನಡೆದರು. ನನ್ನನ್ನು ಕರೆಯಲಿಲ್ಲ.